ಸ್ವಲ್ಪ ಬಗ್ಗಿ ನಡೀರಿ

“ಅಕ್ಕೋರ ಬಾಯಿಂದ ಬಂದ್ರ ಬೈಗುಳಾನೂ ಇಳಕಲ್ಲ ಸೀರಿ ಉಟಗೊಂಡು ಬರ್ತೈತಿ ನೋಡವಾ” ಎಂದು ಬ್ಯಾಡಗಿಯ ಆ ಓಣಿಯ ಹೆಂಗಸರು ಮೃಣಾಲಿನಿ ಟೀಚರ ಬಗ್ಗೆ ಹೇಳುತ್ತಿದ್ದರು. ಹೇಳುವವರು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ಅವರ ಕೈಗೆ ಬಿಡುವಿಲ್ಲ, ಬಾಯಿಗೆ ಮೊದಲೇ ಇಲ್ಲ. ಯಾರ ಮನೆಗೆ ಯಾವ ಬಸ್ಸಿಗೆ ಯಾರು ಬಂದರು ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ಗೊತ್ತು.

ಟೀಚರ ಹೆಸರು ಓಣಿಯಲ್ಲಿ ಹಬ್ಬಿದ್ದು ಶಾಲೆಯಿಂದಲ್ಲ, ಒಡಪಿನಿಂದ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಲಗ್ನದಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ತೊಟ್ಟಿಲ ದಿನ ಹೆಂಗಸರು ಬಾಗಿಲು ಅಡ್ಡಗಟ್ಟಿ ‘ಹೆಸರು ಹೇಳು’ ಎಂದು ಹಟ ಹಿಡಿದರೆ, ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಹೆಸರನ್ನು ಸೇರಿಸಿ ಹೇಳಬೇಕು. ಅದೇ ಒಡಪು. ಬಾಯಿ ಬಾರದ ಮದುಮಗಳ ಕಿವಿಯಲ್ಲಿ ಒಡಪು ಪಿಸುಗುಟ್ಟುವವಳು ಮೃಣಾಲಿನಿ. ತನ್ನ ಸರದಿ ಬಂದಾಗ ಆಕೆ ಹೇಳುತ್ತಿದ್ದುದು ಓಣಿಯ ಮಕ್ಕಳಿಗೂ ಬಾಯಿಪಾಠ: “ಬ್ಯಾಡಗಿ ಕಾಯಿ ಕೆಂಪು, ಬಾವಿ ನೀರು ತಂಪು, ರಘೋತ್ತಮರಾಯರು ಬಂದ್ರ ಅಂಗಳೆಲ್ಲಾ ಸೊಂಪು.”

ರಘೋತ್ತಮರಾಯರು ಹಾವೇರಿಯಲ್ಲಿ ವಕೀಲರೊಬ್ಬರ ಕಾರಕೂನರು. ದಿನಾ ಎಂಟಕ್ಕೆ ಐದು ನಿಮಿಷ ಇರುವಾಗ ಕಂಕುಳಲ್ಲಿ ಕಾಗದದ ಕಟ್ಟು ಹಿಡಿದು ಓಣಿ ದಾಟುವವರು. “ರಾಯರು ಹೊಂಟ್ರು, ಹಾಲು ಇಳಸ್ರೇ” ಎಂದು ಹೆಂಗಸರು ಅವರನ್ನು ನೋಡಿಯೇ ಒಲೆಯ ಕಡೆ ಓಡುತ್ತಿದ್ದರು. ಆಮೇಲೆ ಒಂದು ಶ್ರಾವಣದಿಂದ ಆ ಮಾತು ನಿಂತು ಬೇರೆ ಮಾತು ಹುಟ್ಟಿತು: “ಪಾಪ, ಎಂಥಾ ಮನಷ್ಯಾ! ನಡು ಹಿಡದು ಮೂಲಿ ಸೇರಿದ್ರು.”

ಓಣಿಯವರದು ತಪ್ಪಿಲ್ಲ. ಹಾಗೆಂದು ಅವರಿಗೆ ಹೇಳಿದವಳು ಮೃಣಾಲಿನಿಯೇ. ಆದರೆ ರಾಯರ ನಡುವಿಗೆ ಏನೂ ಆಗಿರಲಿಲ್ಲ.

ಆದದ್ದು ಇಷ್ಟು. ಒಂದು ಮುಂಜಾನೆ ರಾಯರು ಅಂಗಿಯ ಎರಡು ಗುಂಡಿ ಹಾಕಿಕೊಂಡರು, ಮೂರನೆಯದಕ್ಕೆ ಕೈ ಏಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತೇ ಬಿಟ್ಟರು. “ಹೋಗಬೇಕಲ್ಲಾ?” ಎಂದು ಕೇಳಿದರೆ “ಹೋಗಬೇಕು” ಎನ್ನುತ್ತಾರೆ, ಏಳುವುದಿಲ್ಲ. ಮರುದಿನವೂ ಹಾಗೆ, ಅದರ ಮರುದಿನವೂ. ಊಟಕ್ಕೆ ಕುಳಿತರೆ ಎರಡು ತುತ್ತು. ಹೋಳಿಗೆ ಬಡಿಸಿದರೂ ಅಷ್ಟೆ, ತಿಳಿಸಾರು ಬಡಿಸಿದರೂ ಅಷ್ಟೆ. ಗಡ್ಡ ಬೆಳೆಯಿತು, ಬೆಳ್ಳಗೆ ಬೆಳೆಯಿತು. ವಕೀಲರು ಫೋನು ಮಾಡಿದಾಗ ಮೃಣಾಲಿನಿಯ ಬಾಯಿಂದ ಒಂದು ಮಾತು ತಾನಾಗಿಯೇ ಬಂತು: “ಅವರಿಗೆ ನಡು ಹಿಡದದರಿ. ಏಳ್ಲಿಕ್ಕೇ ಬರವಲ್ದು.”

ಸುಳ್ಳು ಹೇಳುವುದು ಇಷ್ಟು ಸಲೀಸೇ ಎಂದು ಆಕೆಗೇ ಆಶ್ಚರ್ಯವಾಯಿತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಎದುರು ಮನೆಯ ಜಯವ್ವ ಲಕ್ಕಿ ಸೊಪ್ಪಿನ ಹೊರೆ ಹೊತ್ತು ಬಂದಳು. “ಬಿಸಿನೀರಾಗ ಕುದಿಸಿ ಶಾಖಾ ಕೊಡ್ರಿ ಅಕ್ಕೋರ. ನಮ್ಮ ಮಾವಗ ಎಂಟ ದಿನದಾಗ ಇಳದಿತ್ತು.” ಕೊಟ್ಟು ಹೋಗುವ ಹೆಂಗಸಲ್ಲ ಅವಳು. ಹೊಸ್ತಿಲ ಮೇಲೆ ನಿಂತಳು, ಶಾಖ ಕೊಡುವ ತನಕ ಕದಲಲಿಲ್ಲ. ಯಾವ ನೋವೂ ಇಲ್ಲದ ಮನುಷ್ಯ ಅಂಗಿ ತೆಗೆದು ಬೋರಲು ಮಲಗಿ ಶಾಖ ತೆಗೆದುಕೊಂಡರು.

“ಹಗರ ಅನಸ್ತೈತೇನ್ರಿ ರಾಯರ?” ಎಂದು ಜಯವ್ವ ಹೊರಗಿನಿಂದ ಕೂಗಿದಳು.

ರಾಯರು ದಿಂಬಿನೊಳಗಿಂದ “ಹೂಂ” ಅಂದರು.

ಅವಳು ಹೋದ ಮೇಲೆ ಅವರು ಹೆಂಡತಿಗೆ ಹೇಳಿದರು: “ನಡು ಅಲ್ಲಾ, ಮನಸ್ಸು ಏಳವಲ್ದು ಅಂತ ಹೇಳಿಬಿಡು. ಅದರಾಗೇನು?”

“ಅದರಾಗೇನು ಅಂತೀರಲ್ಲಾ! ಮೇಧಾನ ಕುಂಡ್ಲಿ ನಾಕು ಕಡೆ ಹೋಗ್ಯದ. ಹುಡುಗಿ ಅಪ್ಪಗ ತಲಿ ಸರಿ ಇಲ್ಲ ಅಂತ ಗೊತ್ತಾದ್ರ ಯಾರು ಬರ್ತಾರ?” ಮೇಧಾ ಇವರ ಒಬ್ಬಳೇ ಮಗಳು, ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸ. ಅಷ್ಟು ಹೇಳಿ ಮೃಣಾಲಿನಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಎದ್ದು ಬಾಗಿಲ ಪರದೆ ಸರಿಮಾಡುತ್ತ, ಮುಖ ಆ ಕಡೆ ಇಟ್ಟುಕೊಂಡೇ ಮತ್ತೊಂದು ಮಾತು ಸೇರಿಸಿದಳು.

“ಹೊರಗ ಹೋಗುವಾಗ ಸ್ವಲ್ಪ ಬಗ್ಗಿ ನಡೀರಿ.”

ರಾಯರು ಮರುದಿನ ಅಂಗಡಿಗೆ ಹೋಗುವಾಗ ನಡುವಿನ ಮೇಲೆ ಒಂದು ಕೈ ಇಟ್ಟುಕೊಂಡು, ಮುಂದಕ್ಕೆ ಬಾಗಿ ನಡೆದರು. ಕಟ್ಟೆಯ ಮೇಲಿನ ಹೆಂಗಸರು ಲೊಚಗುಟ್ಟಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಮನುಷ್ಯ ಹಾಗೆ ನಡೆದರು.

ಡಾಕ್ಟರಿಗೆ ತೋರಿಸಲಿಲ್ಲವೇ ಎಂದರೆ, ತೋರಿಸಿದರು. ಮೃಣಾಲಿನಿ ಓದಿದವಳು, ಗಂಡನನ್ನು ಕಂಡರೆ ಜೀವ. ಆದರೆ ಮನಸ್ಸಿನ ಡಾಕ್ಟರ ಕಡೆ ಹೋಗುವ ದಾರಿ ನಮ್ಮಲ್ಲಿ ಸೀದಾ ಇಲ್ಲ. ಹಾವೇರಿಯವರು ರಾಣೆಬೆನ್ನೂರಿಗೆ ಹೋಗುತ್ತಾರೆ, ರಾಣೆಬೆನ್ನೂರಿನವರು ಹಾವೇರಿಗೆ ಬರುತ್ತಾರೆ, ಬ್ಯಾಡಗಿಯವರು ಎರಡರಲ್ಲಿ ಬೀಗರು ಇಲ್ಲದ ಊರು ಹುಡುಕುತ್ತಾರೆ. ಹಾವೇರಿಯ ಕೋರ್ಟಿನ ಕಲ್ಲು ಕಲ್ಲಿಗೂ ರಾಯರ ಗುರುತು, ಹಾಗಾಗಿ ರಾಣೆಬೆನ್ನೂರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೀಜದ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಡಾಕ್ಟರು. ಯಾರಾದರೂ ಕಂಡು ಕೇಳಿದರೆ ‘ಟೊಮೆಟೊ ಬೀಜ ಕೇಳಾಕ’ ಎಂದು ಕೆಳಗಿನ ಅಂಗಡಿಯತ್ತ ಕೈ ತೋರಿಸಬಹುದು. ಹೊಲವೇ ಇಲ್ಲದ ಎಷ್ಟು ಜನ ಆ ಅಂಗಡಿಯ ಹೆಸರು ಹೇಳಿದ್ದಾರೋ! ತಿಂಗಳಿಗೊಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಗಂಡ-ಹೆಂಡತಿ ಹೋಗುತ್ತಿದ್ದರು. ಬಸ್ಸಿನಲ್ಲಿ ಅವರು ಹಿಂದೆ, ಈಕೆ ಮುಂದೆ. ಮಹಡಿಯ ಮೇಲೂ ಅವರು ಒಂದು ಬೆಂಚಿನಲ್ಲಿ, ಈಕೆ ಎದುರು ಬೆಂಚಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು.

ಗುಳಿಗೆ ಹಿಡಿಯಿತು. ನಿಧಾನ, ಬಹಳ ನಿಧಾನ. ಮೂರನೆಯ ತಿಂಗಳು ರಾಯರು ತಾವಾಗಿಯೇ ಗಡ್ಡ ತೆಗೆಯಲು ಕನ್ನಡಿ ಕೇಳಿದ ದಿನ ಮೃಣಾಲಿನಿ ಒಲೆಯ ಮುಂದೆ ಕುಳಿತು ಅತ್ತಳು. ಬ್ಯಾಡಗಿಯಲ್ಲಿ ಅಳುವವರಿಗೆ ಒಂದು ಅನುಕೂಲ ಉಂಟು. ಕಣ್ಣು ಕೆಂಪಾದರೆ ಯಾರೂ ಕಾರಣ ಕೇಳುವುದಿಲ್ಲ, ಮೆಣಸಿನಕಾಯಿ ಘಾಟು ಅಂದುಕೊಳ್ಳುತ್ತಾರೆ. ಆಮೇಲೆ ಕೆಲವು ತಿಂಗಳು ಚೆನ್ನ, ಕೆಲವು ತಿಂಗಳು ಮತ್ತೆ ಹಾಸಿಗೆಯ ಅಂಚು, ಮತ್ತೆ ಗಡ್ಡ.

ಹೀಗಿರುವಾಗ ಶಾಲೆಗೆ ಕಾಗದ ಬಂತು. ಹೈಸ್ಕೂಲು ಮಕ್ಕಳಿಗೆ ಮನಸ್ಸಿನ ಕಾಯಿಲೆಯ ಬಗ್ಗೆ ತಿಳಿಹೇಳಬೇಕು, ಶಾಲೆಗೊಬ್ಬರು ಹಾವೇರಿಗೆ ಎರಡು ದಿನದ ತರಬೇತಿಗೆ ಬರಬೇಕು. ಹೆಡ್‌ಮಾಸ್ತರ ಪ್ರಭುಲಿಂಗಪ್ಪನವರು ಸುತ್ತಲೂ ನೋಡಿದರು. “ಮಾತಿನ ಕೆಲಸಾ ಅಂದ್ರ ಮೃಣಾಲಿನಿ ಟೀಚರ್. ನೀವ ಹೋಗಿ ಬರ್ರಿ.”

ಬೇಡ ಎನ್ನಲು ಕಾರಣ ಹೇಳಬೇಕು. ಕಾರಣ ಹೇಳುವಂತಿಲ್ಲ. ಹೋದಳು.

ಬಂದು ಒಂಬತ್ತನೆಯ ವರ್ಗಕ್ಕೆ ಪಾಠ ಮಾಡಿದಳು. ಬೋರ್ಡಿನ ಮೇಲೆ ‘ಖಿನ್ನತೆ’ ಎಂದು ಬರೆದು, “ಇದಕ್ಕ ನಿಮ್ಮ ಓಣ್ಯಾಗ ಏನಂತಾರ?” ಎಂದು ಕೇಳಿದಳು.

“ಗಾಳಿ ಬಡದೈತಿ ಅಂತಾರ್ರಿ!” “ಮೈಗಳ್ಳತನ ಅಂತಾರ್ರಿ!” “ಧಾರವಾಡದ ಹುಚ್ಚರ ದವಾಖಾನಿಗೆ ಕಳಸ್ರಿ ಅಂತಾರ್ರಿ!” ವರ್ಗವೆಲ್ಲ ನಕ್ಕಿತು. ಸುನೀಲಕುಮಾರ ಎಂಬ ತುಂಟ ಎದ್ದು ನಿಂತ: “ಟೀಚರ್, ನನಗ ಗಣಿತದ ಪಿರಿಯಡ್ ಬಂದ್ರ ಖಿನ್ನತೆ ಬರ್ತೈತ್ರಿ.”

“ಅದು ಖಿನ್ನತೆ ಅಲ್ಲೋ, ಹೋಮ್‌ವರ್ಕ್ ಮಾಡಿಲ್ಲಾ ಅನ್ನೋ ಅಂಜಿಕಿ. ಗಂಟಿ ಹೊಡದ್ರ ಹೋಗ್ತದ. ಇದು ಗಂಟಿ ಹೊಡದ್ರೂ ಹೋಗೂದಿಲ್ಲ, ಎರಡು ವಾರ ಕಳದ್ರೂ ಹೋಗೂದಿಲ್ಲ. ನಿದ್ದಿ ತಿಂತದ, ಹಸಿವಿ ತಿಂತದ, ಆಟದ ಮ್ಯಾಲಿನ ಮನಸ್ಸು ತಿಂತದ. ಮ್ಯಾಲ ನೋಡಿದ್ರ ಮನಷ್ಯಾ ಬರೋಬ್ಬರಿ ಇರ್ತಾನ. ಮೆಣಸಿನಕಾಯಿ ರಾಶಿ ನೋಡೀರಲ್ಲಾ? ಮ್ಯಾಲ ಕೆಂಪಗ ಹೊಳೀತಿರ್ತದ, ಒಳಗ ಹಸಿ ಉಳದು ಬೂಸ್ಟು ಹಿಡದಿರ್ತದ. ಅದು ಕಾಯಿ ತಪ್ಪೇನು? ಬಿಸಲಿಗೆ ಹಾಕಬೇಕು. ಮುಚ್ಚಿಟ್ರ ಇಡೀ ಚೀಲ ಹೋಗ್ತದ.”

ಮಕ್ಕಳು ನಗುವುದನ್ನು ನಿಲ್ಲಿಸಿದರು. ಅಂಥ ಪಾಠ ಆಕೆ ಇಪ್ಪತ್ತು ವರ್ಷದಲ್ಲಿ ಮಾಡಿರಲಿಲ್ಲ. ಎಲ್ಲ ಗೊತ್ತಿದ್ದವಳು ಹೇಳುತ್ತಿದ್ದಳಲ್ಲ! ಕೊನೆಗೆ, ಬಾಯಿಬಿಟ್ಟು ಕೇಳಲು ನಾಚುವವರು ಹೆಸರಿಲ್ಲದೆ ಚೀಟಿ ಬರೆದು ಡಬ್ಬಿಗೆ ಹಾಕಿ ಎಂದಳು. ಒಂದೊಂದೇ ಚೀಟಿ ಬಿಚ್ಚಿ ಓದುತ್ತ ಉತ್ತರಿಸಿದಳು. ಐದನೆಯದನ್ನು ಪೂರ್ತಿ ಗಟ್ಟಿಯಾಗಿ ಓದಿದ ಮೇಲೆ ಅದು ಏನು ಕೇಳುತ್ತಿದೆ ಎಂದು ತಿಳಿಯಿತು: ‘ಟೀಚರ್, ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ನೀವು ಮಂದಿಗೆ ಹೇಳುತ್ತೀರಾ?’

ನಲವತ್ತು ಜೊತೆ ಕಣ್ಣು.

“ಯಾಕ ಹೇಳಬಾರ್ದು?” ಅಂದಳು ಮೃಣಾಲಿನಿ. “ನಮ್ಮ ಮನ್ಯಾಗ ಯಾರಿಗೂ ಆಗಿಲ್ಲ. ಆಗಿದ್ರ ತಲಿ ಎತ್ತಿ ಹೇಳ್ತಿದ್ದೆ.”

ಗಂಟೆ ಹೊಡೆದ ಮೇಲೆ ಎಲ್ಲರೂ ಹೋದರು, ಕಿಟಕಿಯ ಬದಿಯ ಅಂಜಲಿ ಹೋಗಲಿಲ್ಲ. ಎರಡು ಜಡೆಯಲ್ಲಿ ಒಂದನ್ನು ಮಾತ್ರ ಹೆಣೆದುಕೊಂಡು ಬಂದಿದ್ದಳು. “ಆ ಚೀಟಿ ನಂದರಿ ಟೀಚರ್” ಅಂದಳು. “ನೀವು ಹೇಳಿದ್ದೆಲ್ಲಾ ನನಗ ಆಗಾಕತ್ತೈತ್ರಿ. ಊಟ ಮಣ್ಣು ತಿಂದಂಗ ಆಗ್ತೈತಿ. ಅವ್ವ ಮೈಗಳ್ಳಿ ಅಂತಾಳ. ಖರೇನ ಮೈಗಳ್ಳಿ ಇದ್ದೇನೇನೋ.”

ಅವಳ ಅವ್ವ ಕರೆವ್ವ ಊರಿನ ಇನ್ನೊಂದು ತುದಿಯಲ್ಲಿ ಮೆಣಸಿನಕಾಯಿ ಕೆಲಸಕ್ಕೆ ಹೋಗುವ ಹೆಂಗಸು. ಮೃಣಾಲಿನಿ ಅಂದೇ ಸಂಜೆ ಅವರ ಮನೆಗೆ ಹೋದಳು.

“ದೇವರ ಕೇಳಿಸೇವ್ರಿ, ತಾಯತಾ ಕಟ್ಟಿಸೇವ್ರಿ” ಅಂದಳು ಕರೆವ್ವ. “ಆ ಡಾಕ್ಟರ ಕಡೆ ಮಾತ್ರ ಬ್ಯಾಡ್ರಿ ಅಕ್ಕೋರ. ನಾಳೆ ಈಕೀನ ಯಾರ ಮಾಡ್ಕೋತಾರ?”

“ಸಕ್ಕರಿ ಬ್ಯಾನಿಗೆ ಗುಳಿಗಿ ತಗೋತಾರಿಲ್ಲೋ? ಹಂಗ ಇದು. ನನ್ನ ಮಗಳಿಗೆ ಆಗಿದ್ರ ನಾ ಹಾಡಾ ಹಗಲ ಕೈಹಿಡದು ಕರಕೊಂಡು ಹೋಗ್ತಿದ್ದೆ ಕರೆವ್ವಾ.”

ಇದು ಮೂರನೆಯ ಸುಳ್ಳು. ಕರೆವ್ವ ಅದನ್ನು ನಂಬಿ ಒಪ್ಪಿದಳು. ಮೃಣಾಲಿನಿ ಅವರಿಗೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಹೋಗಲು ಹೇಳಿದಳು. ಅಲ್ಲಿ ಖರ್ಚಿಲ್ಲ ಎಂಬುದು ಒಂದು ಕಾರಣ. ರಾಣೆಬೆನ್ನೂರಿನಲ್ಲಿ ಎದುರಾಗಬಾರದು ಎಂಬುದು ಇನ್ನೊಂದು.

ಆದರೆ ಮುಚ್ಚಿಡುವ ಬುದ್ಧಿ ಟೀಚರೊಬ್ಬರಿಗೇ ದೇವರು ಕೊಟ್ಟದ್ದೇ? ಹಾವೇರಿಯ ಆಸ್ಪತ್ರೆಯಲ್ಲಿ ಕರೆವ್ವನ ಮೈದುನ ಕೆಲಸಕ್ಕಿದ್ದ. ಅವನ ಕಣ್ಣಿಗೆ ಬಿದ್ದರೆ ಕುಲಕ್ಕೆಲ್ಲ ಸುದ್ದಿ. ಅವಳು ಹಲಗೇರಿಯ ಅಣ್ಣನಿಗೆ ಫೋನು ಮಾಡಿ ಕೇಳಿದಳು. ಅಣ್ಣ, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯ ಮೇಲೆ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಮಾವನಿಗೆ ಫೋನು ಮಾಡಿದ್ದನ್ನಷ್ಟೇ ಅಂಜಲಿ ಟೀಚರಿಗೆ ಹೇಳಿದ್ದಳು, ಯಾವ ಊರು ಎಂದು ಹೇಳಿರಲಿಲ್ಲ.

ಆ ಶನಿವಾರ ಮಹಡಿಯ ಮೇಲೆ ಜನ ತುಂಬಿತ್ತು. ರಾಯರು ಕಿಟಕಿಯ ಬೆಂಚಿನಲ್ಲಿ, ಮೃಣಾಲಿನಿ ಎದುರು ಬೆಂಚಿನಲ್ಲಿ. ಮೆಟ್ಟಿಲ ಮೇಲೆ ಬಳೆ ಸದ್ದಾಯಿತು. ತಲೆ ಎತ್ತುವಷ್ಟರಲ್ಲಿ ಕರೆವ್ವ ಎದುರಿಗೇ ನಿಂತಿದ್ದಳು, ಅವಳ ಬೆನ್ನಿಗೆ ಅಂಜಲಿ.

“ಅಯ್ಯ ನಮ್ಮವ್ವಾ! ಅಕ್ಕೋರ, ನೀವಿಲ್ಲಿ?”

ಮೃಣಾಲಿನಿಯ ನಾಲಿಗೆ ಒಂದು ಗಳಿಗೆಯೂ ತಡೆಯಲಿಲ್ಲ. “ನಿಮ್ಮ ಸಲುವಾಗಿನ ಬಂದೆ ಕರೆವ್ವಾ. ನೀವು ಹಲಗೇರಿಗೆ ಫೋನ್ ಮಾಡಿದ್ರೆಲ್ಲಾ, ಅಂಜಲಿ ಶಾಲ್ಯಾಗ ಹೇಳಿದ್ಲು. ಮೊದಲನೇ ಸಲ, ಘಾಬರಿ ಆಗ್ತೀರೇನೋ ಅಂತ...”

ಕರೆವ್ವನ ಕಣ್ಣು ತುಂಬಿತು. ಅಷ್ಟು ಜನರ ಎದುರು ಬಗ್ಗಿ ಟೀಚರ ಕಾಲು ಮುಟ್ಟಿದಳು. “ನಮ್ಮಂಥವರ ಸಲುವಾಗಿ ಇಷ್ಟ ದೂರ ಬಂದ್ರೆಲ್ಲಾ. ಹಡದ ತಾಯಿ ಮಾಡೂದಿಲ್ರಿ ಇದನ್ನ.” ಮೃಣಾಲಿನಿ ಕಾಲು ಹಿಂದಕ್ಕೆ ಎಳೆದುಕೊಂಡಳು. ಗೋಡೆ ಅಡ್ಡ ಬಂತು.

ಆಗ ಒಳಗಿನ ಬಾಗಿಲು ತೆರೆದು ಕಂಪೌಂಡರ್ ಕೂಗಿದ: “ರಘೋತ್ತಮ! ರಘೋತ್ತಮ ಯಾರ್ರಿ? ಜತಿಗೆ ಬಂದವರು ಯಾರದಾರ, ಅವರೂ ಒಳಗ ಬರ್ರಿ.”

ರಾಯರು ಎದ್ದು ನಿಂತರು. ಎದುರು ಬೆಂಚಿನ ಕಡೆ ನೋಡಿದರು. ಹೆಂಡತಿ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆಕೆಯ ಪಕ್ಕದಲ್ಲಿ ಹುಡುಗಿ, ಹುಡುಗಿಯ ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸುವ ತಾಯಿ. ಕೋರ್ಟಿನ ಮನುಷ್ಯ, ನೋಡಿದೊಡನೆ ಎಲ್ಲ ಅರ್ಥವಾಯಿತು.

“ಜತಿಗೆ ಯಾರಪ್ಪಾ?” ಎಂದ ಕಂಪೌಂಡರ್.

“ಯಾರೂ ಬಂದಿಲ್ಲ” ಅಂದರು ರಾಯರು. “ನಾ ಒಬ್ಬನ.”

ಎಂದು ಒಳಗೆ ನಡೆದರು. ನಡುವಿನ ಮೇಲೆ ಕೈ ಇಟ್ಟುಕೊಂಡು, ಬಗ್ಗಿ. ಆ ಮಹಡಿಯಲ್ಲಿ ನಡುನೋವಿನವರು ಯಾರೂ ಇರಲಿಲ್ಲ, ಹಾಗೆ ನಡೆಯುವ ಅಗತ್ಯವೇ ಇರಲಿಲ್ಲ. ರೂಢಿಯಾಗಿ ಹೋಗಿತ್ತು.

ಅಂಜಲಿ ಬಾಗಿಲನ್ನೇ ನೋಡುತ್ತ ಕೇಳಿದಳು: “ಟೀಚರ್, ಆ ಅಜ್ಜಾರಿಗೆ ಯಾರೂ ಇಲ್ಲೇನ್ರಿ?”

“ಇರ್ತಾರವ್ವಾ” ಎಂದಳು ಮೃಣಾಲಿನಿ.

ಅಂಜಲಿಯ ಸರದಿ ಬಂದಾಗ ತಾಯಿ-ಮಗಳ ಜೊತೆ ಒಳಗೆ ಹೋದದ್ದೂ ಆಯಿತು, ಡಾಕ್ಟರು ಗುರುತಿನ ನಗೆ ನಕ್ಕರೂ ತಾನು ನಗದೆ ಟೀಚರೆಂದು ಪರಿಚಯ ಹೇಳಿಕೊಂಡದ್ದೂ ಆಯಿತು. ತಾಯಿ-ಮಗಳು ಹಲಗೇರಿಯ ಬಸ್ಸು ಹತ್ತಿದ ಮೇಲೆ ನೋಡಿದರೆ, ಬಸ್‌ಸ್ಟ್ಯಾಂಡಿನಲ್ಲಿ ರಾಯರು ಒಬ್ಬರೇ ಕುಳಿತಿದ್ದರು. ಆಕೆ ಬೈಗುಳಕ್ಕೆ ಸಿದ್ಧಳಾಗಿದ್ದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು.

“ಛಲೋ ಆತು” ಅಂದರು ರಾಯರು. “ಆ ಕೂಸಿನ ಧೈರ್ಯ ಕೆಡತಿತ್ತು. ಗುಳಿಗಿ ಬರದಾರೇನು ಆಕೀಗೆ?”

ಮುಂದಿನ ಆರು ವಾರ ಅಂಜಲಿ ಒಂದೊಂದೇ ಮೆಟ್ಟಿಲು ಹತ್ತಿದಳು. ಎರಡೂ ಜಡೆ ಹೆಣೆದುಕೊಂಡು ಬಂದಳು. ಸುನೀಲಕುಮಾರನ ಜೊತೆ ಜಗಳ ಕೂಡ ಆಡಿದಳು. ಒಂದು ರವಿವಾರ ಕರೆವ್ವ ಹಣ್ಣು ಮೆಣಸಿನಕಾಯಿ ರುಬ್ಬಿದ ರಂಜಕವನ್ನು ಬಾಟಲಿಗೆ ತುಂಬಿ, “ಟೀಚರ್ ಮನೀಗೆ ಕೊಟ್ಟು ಬಾ” ಎಂದು ಕಳಿಸಿದಳು. ಬಾಗಿಲು ತೆಗೆದವರು ರಾಯರು.

“ಯಾರವ್ವಾ?”

ಹುಡುಗಿ ಅವರ ಮುಖ ನೋಡಿದಳು. ಒಳಗಿನಿಂದ ಮೃಣಾಲಿನಿ, “ಏನ್ರೀ, ಯಾರು ಬಂದಾರ?” ಎಂದು ಕೂಗಿದಳು. ಹೆಂಡತಿ ಗಂಡನನ್ನು ಕೂಗುವ ದನಿ ಯಾವ ಮಗುವಿಗೆ ತಿಳಿಯುವುದಿಲ್ಲ? ಮೃಣಾಲಿನಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಹೊಸ್ತಿಲ ಮೇಲೆ ಬಾಟಲಿ ಇತ್ತು, ಹುಡುಗಿ ಇರಲಿಲ್ಲ.

ಬುಧವಾರ ಕರೆವ್ವ ಶಾಲೆಗೇ ಬಂದಳು. ಕಾಲು ಮುಟ್ಟಲಿಲ್ಲ. “ಮೂರು ದಿನಾ ಆತ್ರಿ, ಗುಳಿಗಿ ಎಲ್ಲಾ ಗಟಾರಕ್ಕ ಒಗದಾಳ. ಮತ್ತ ಮುಸುಕು ಹಾಕ್ಕೊಂಡು ಬಿದ್ದಾಳ. ಕೇಳಿದ್ರ ಏನಂತಾಳ್ರಿ ಗೊತ್ತೈತೇನು? ‘ಟೀಚರಿಗೇ ನಾಚಿಗಿ ಅಂದ್ರ ಅದು ನಾಚಿಗಿ ಬ್ಯಾನಿನ ಬೇ ಅವ್ವಾ. ಎಲ್ಲಾರೂ ಸುಳ್ಳ ಹೇಳ್ತಾರ’ ಅಂತಾಳ.” ಆಮೇಲೆ, “ಆ ಯಜಮಾನ್ರು ನಿಮ್ಮ ಮನ್ಯಾವರ ಅಂತಲ್ರಿ?” ಎಂದು ಕೇಳಿದಳು.

ಮೃಣಾಲಿನಿ ಹೌದೆಂದು ತಲೆ ಆಡಿಸಿದಳು. ಬಾಯಿಗೆ ಎಂದೂ ಸೋಲದ ಹೆಂಗಸು, ತಲೆ ಮಾತ್ರ ಆಡಿಸಿದಳು.

ಮನೆಗೆ ಬಂದು ಗಂಡನ ಎದುರು ಕುಳಿತು ಎಲ್ಲ ಹೇಳಿದಳು. “ಆ ಹುಡುಗಿ ಮುಂದ ಹೋಗಿ ನಿಮ್ಮ ಸುದ್ದಿ ಹೇಳ್ಲೇನು?”

ರಾಯರು ಎದ್ದು ನಿಂತರು. “ಮುಚ್ಚಿದಾಕೀನೂ ನೀನು, ಈಗ ತಗಿಯೂವಾಕೀನೂ ನೀನೇನು? ಬ್ಯಾನಿ ನಂದದ ಮಾರಾಯ್ತೀ. ನಾ ಹೇಳ್ತೀನಿ.”

ಅಂಗಿ ತೊಟ್ಟರು. ಎಲ್ಲ ಗುಂಡಿ ಹಾಕಿಕೊಂಡರು. ಹೊಸ್ತಿಲು ದಾಟಿ ಬೆನ್ನು ನೆಟ್ಟಗೆ ಮಾಡಿ ಓಣಿಗೆ ಇಳಿದರು. ಹಿಂದೆ ಮೃಣಾಲಿನಿ. ಕಟ್ಟೆಯ ಮೇಲಿನ ಕೈಗಳೆಲ್ಲ ನಿಂತವು.

“ಅಯ್ಯ ರಾಯರ, ನಡು ಆರಾಮಾತೇನ್ರಿ?” ಜಯವ್ವನ ದನಿಯಲ್ಲಿ ಖರೇ ಸಂತೋಷವಿತ್ತು.

“ನಡುವಿಗೆ ಎಂದೂ ಏನೂ ಆಗಿರ್ಲಿಲ್ಲ ಜಯವ್ವಾ. ಮನಸ್ಸಿಗೆ ಆಗಿತ್ತು. ರಾಣೆಬೆನ್ನೂರ ಡಾಕ್ಟರ ಗುಳಿಗಿ ತಗೋಳಿಕ್ಕೆ ಹತ್ತೀನಿ.”

ಓಣಿ ಆಡಿಕೊಳ್ಳುತ್ತದೆ ಎಂದು ಮೃಣಾಲಿನಿ ಒಂದು ವರ್ಷ ಹೆದರಿದ್ದಳು. ಯಾರೂ ನಗಲಿಲ್ಲ. ಜಯವ್ವ ರಾಯರನ್ನು ಬಿಟ್ಟು ಮೃಣಾಲಿನಿಯನ್ನು ನೋಡಿದಳು. “ಲಕ್ಕಿ ಸೊಪ್ಪಿಗೆ ನಾ ಕೆರಿ ದಂಡಿ ತನಕ ಹೋಗ್ತಿದ್ದೆ ಅಕ್ಕೋರ” ಅಂದಳು. “ಮಳ್ಯಾಗ ಸೈತ.” ಅಷ್ಟೇ. ತಲೆ ತಗ್ಗಿಸಿ ಮತ್ತೊಂದು ಕಾಯಿ ಎತ್ತಿಕೊಂಡಳು.

ಕರೆವ್ವನ ಮನೆಗೆ ಹೋದಾಗ ಅಂಜಲಿ ಮುಸುಕು ತೆಗೆಯಲಿಲ್ಲ. ರಾಯರು ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತು ಮುಸುಕಿನ ಜೊತೆಯೇ ಮಾತಾಡಿದರು. ಮೃಣಾಲಿನಿ ಬಾಗಿಲ ಹೊರಗೆ ನಿಂತಳು.

“ನನಗ ಅಜ್ಜಾ ಅಂದ್ಯಂತ. ಐವತ್ತಾರು ನಡದದವ್ವಾ ನನಗ, ಸ್ವಲ್ಪ ಕಡಿಮಿ ಮಾಡು.” ಮುಸುಕು ಅಲ್ಲಾಡಲಿಲ್ಲ. “ನಾನೂ ಗುಳಿಗಿ ಒಗದಿದ್ದೆ. ಗಟಾರಕ್ಕಲ್ಲ, ತುಳಸಿ ಕಟ್ಟಿಗೆ. ಹದಿನೈದು ದಿನ. ಆಮ್ಯಾಲ ಹಲ್ಲು ತಿಕ್ಕೋ ಬ್ರಶ್ ಎತ್ತೂದು ಗುಡ್ಡಾ ಎತ್ತಿದಂಗಾತು. ನಾನ ಹೋಗಿ ಡಾಕ್ಟರ ಮುಂದ ಒಪ್ಪಿಕೊಂಡೆ. ಅವರು ಬೈಲಿಲ್ಲ, ಮತ್ತ ಮೊದಲಿಂದ ಶುರು ಮಾಡಿದ್ರು.”

ಮುಸುಕಿನೊಳಗಿಂದ ದನಿ ಬಂತು. “ಅವತ್ತ ಯಾರೂ ಬಂದಿಲ್ಲ ಅಂದ್ರೆಲ್ರಿ ನೀವು.”

“ಬಂದಿದ್ರು. ಅಂಜಿಬಿಟ್ರು.”

“ನೀವ್ಯಾಕ ಸುಳ್ಳ ಹೇಳಿದ್ರಿ?”

“ನಾನೂ ಅಂಜಿದೆ.”

ಮುಸುಕು ಸರಿಯಿತು. ಹುಡುಗಿ ರಾಯರನ್ನು ನೋಡಿದಳು, ಬಾಗಿಲ ಕಡೆ ನೋಡಲಿಲ್ಲ. “ನೀವು ಬಂದ್ರ ಡಾಕ್ಟರ ಕಡೆ ಬರ್ತೇನ್ರಿ. ಟೀಚರ್ ಬ್ಯಾಡ.”

ಬಾಗಿಲ ಹೊರಗೆ ಮೃಣಾಲಿನಿಗೆ ಅದು ಚೆನ್ನಾಗಿಯೇ ಕೇಳಿಸಿತು.

ಸೋಮವಾರ ಆಕೆ ಒಂಬತ್ತನೆಯ ವರ್ಗಕ್ಕೆ ಹೋಗಿ ಪುಸ್ತಕ ತೆಗೆಯಲಿಲ್ಲ. “ಈ ವರ್ಗದಾಗ ನಾ ಒಂದು ಸುಳ್ಳು ಹೇಳೀನಿ” ಎಂದು ಶುರು ಮಾಡಿದಳು. “ನಮ್ಮ ಮನ್ಯಾಗ ಯಾರಿಗೂ ಆಗಿಲ್ಲ ಅಂದಿದ್ದೆ. ಆಗ್ಯದ. ನಮ್ಮ ಮನ್ಯಾವರಿಗೆ ಆಗ್ಯದ. ಅವರ ಹೆಸರು...” ಎಂದು ತಡವರಿಸಿದಳು.

“ಒಡಪು ಹಾಕ್ರಿ ಟೀಚರ್!” ಎಂದು ಸುನೀಲಕುಮಾರ ಕೂಗಿದ. ವರ್ಗ ಕಿಸಕ್ಕೆಂದಿತು.

“ಇವತ್ತ ಒಡಪಿಲ್ಲಪ್ಪಾ. ಅವರ ಹೆಸರು ರಘೋತ್ತಮ. ಅವರನ್ನ ನಾ ಒಂದು ವರ್ಷ ಬಗ್ಗಿಸಿ ನಡಸೀನಿ. ಬ್ಯಾನಿ ನಾಚಿಕಿದಲ್ಲ. ನಾ ಮಾಡಿದ್ದು ನಾಚಿಕಿದು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುನೀಲಕುಮಾರ ಕೆಳಗೆ ಕುಳಿತ. ಅಂಜಲಿ ಬಂದಿದ್ದಳು. ನೋಟ್‌ಬುಕ್ಕಿನ ಅಂಚಿಗೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದಳು. ಒಂದು ಗೆರೆ ಎಳೆದು ಮುಗಿಸಿ ಮತ್ತೊಂದು ಎಳೆದಳು. ಪ್ರಭುಲಿಂಗಪ್ಪನವರು ಸಂಜೆ ಕರೆದು, “ಮನೀ ಮಾತು ಶಾಲ್ಯಾಗ ಯಾಕ್ರಿ ಟೀಚರ್?” ಎಂದು ಕೇಳಿದರು. ಧಾರವಾಡದ ಕಡೆಯ ಒಂದು ಸಂಬಂಧ ಹಿಂದಕ್ಕೆ ಹೋಯಿತು. ಮೇಧಾ ಫೋನಿನಲ್ಲಿ, “ಹೋಗ್ಲಿ ಬಿಡಮ್ಮಾ, ಅಪ್ಪನ್ನ ನೋಡಿ ಓಡೂವಾಂವ ನನಗ ಯಾಕ ಬೇಕು?” ಎಂದಳು. ಆಮೇಲೆ ಮೆಲ್ಲಗೆ, “ನನ್ನ ಹೆಸರ ಮ್ಯಾಲ ಅಪ್ಪನ್ನ ಬಗ್ಗಿಸಿದೇನು?” ಎಂದು ಕೇಳಿದಳು.

ಮುಂದೆ ತಿಂಗಳಿಗೊಂದು ಶನಿವಾರ ರಾಯರು, ಕರೆವ್ವ, ಅಂಜಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತು ರಾಣೆಬೆನ್ನೂರಿಗೆ ಹೋಗಿ ಬಂದರು. ನಾನೂ ಬರುತ್ತೇನೆ ಎನ್ನಲು ಮೃಣಾಲಿನಿಗೆ ಮುಖವಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ರಾಯರು ಬಂದು ‘ಇವತ್ತ ಎರಡು ಇಡ್ಲಿ ತಿಂದ್ಲು’ ಎಂದೋ ‘ಇವತ್ತ ಮಾತಾಡ್ಲಿಲ್ಲ’ ಎಂದೋ ಹೇಳುವುದಕ್ಕೆ ಕಾಯುತ್ತಿದ್ದಳು. ಶಾಲೆಯಲ್ಲಿ ಅಂಜಲಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಚಳಿಗಾಲ ಕಳೆದ ಮೇಲೆ ರಾಯರು ವಕೀಲರ ಹತ್ತಿರ ಅರ್ಧ ದಿನದ ಕೆಲಸಕ್ಕೆ ಹೋದರು. ಕೆಲವು ಮುಂಜಾನೆ ಈಗಲೂ ಹಾಸಿಗೆಯ ಅಂಚಿನಲ್ಲಿ ಕೂರುತ್ತಿದ್ದರು. ಆದರೆ ಅಂಥ ದಿನ ವಕೀಲರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದರು. ಮೇ ತಿಂಗಳಲ್ಲಿ ಮೃಣಾಲಿನಿಗೆ ಹಾವೇರಿಗೆ ವರ್ಗವಾಯಿತು. ಹತ್ತೊಂಬತ್ತು ವರ್ಷ ಬಾಡಿಗೆಗಿದ್ದ ಮನೆ ಖಾಲಿ ಮಾಡಬೇಕಾಯಿತು.

ಶನಿವಾರ ಮುಂಜಾನೆ ಶಾಬುದ್ದೀನನ ಟೆಂಪೋಕ್ಕೆ ಸಾಮಾನು ಏರಿಸಿ, ರಾಯರು ಅವನ ಪಕ್ಕದಲ್ಲಿ ಕುಳಿತು ಮುಂದೆ ಹೋದರು. ಮೃಣಾಲಿನಿ ಬರಿಯ ಮನೆ ಕಸ ಹೊಡೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅಂಜಲಿ.

“ಅವರು ಹೋದ್ರಲ್ಲವ್ವಾ, ಟೆಂಪೋದಾಗ.”

“ಗೊತ್ತೈತ್ರಿ. ಇವತ್ತ ಬರಾಕ ಆಗೂದಿಲ್ಲಂತ ನಿನ್ನೆನ ಫೋನ್ ಮಾಡಿದ್ರು.” ಹುಡುಗಿ ಚಪ್ಪಲಿಯ ತುದಿಯಿಂದ ಹೊಸ್ತಿಲು ಕೆರೆದಳು. “ಇವತ್ತ ನನ್ನ ತಾರೀಖ್ರಿ. ಅವ್ವಗ ಜ್ವರ. ದೊಡ್ಡವರು ಯಾರರ ಇರಬೇಕಂತಾರ ಡಾಕ್ಟ್ರು.”

ಮೃಣಾಲಿನಿ ಕಸಬರಿಗೆ ಹಿಡಿದು ನಿಂತಳು. ಎಷ್ಟೋ ಮಾತು ಬಾಯಿಗೆ ಬಂದವು. ಎಲ್ಲ ಚೆಂದದ ಮಾತುಗಳೇ. ಒಂದನ್ನೂ ಆಡಲಿಲ್ಲ.

“ಒಳಗಿಂದ ಕೂಗ್ತಾರ್ರಿ, ಜತಿಗೆ ಯಾರು ಅಂತ” ಅಂದಳು ಅಂಜಲಿ, ಕಣ್ಣು ನೆಟ್ಟು ನೋಡುತ್ತ. “ಏಳ್ತೀರೇನು?”

“ಏಳ್ತೀನಿ.”

ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು ಮೃಣಾಲಿನಿ ಹೊರಗೆ ಬಂದಳು. ಬಾಗಿಲು ಎಳೆದು ಕೀಲಿ ಹಾಕಿದಳು. ಕೀಲಿಯನ್ನು ಜಯವ್ವನ ಕೈಗೆ ಕೊಟ್ಟಳು, ಮನೆಯ ಮಾಲೀಕರಿಗೆ ಮುಟ್ಟಿಸಲು. ಜಯವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಟೆಂಪೋ ಹೋತಲ್ರಿ ಅಕ್ಕೋರ. ಈ ಹುಡುಗಿ ಕರಕೊಂಡು ನೀವೆಲ್ಲಿಗೆ ಹೊಂಟ್ರಿ?”

ಮೃಣಾಲಿನಿ ಬಾಯಿ ತೆರೆದಳು, ಮುಚ್ಚಿದಳು. ಇದು ತಾನು ಹೇಳುವ ಮಾತಲ್ಲ. ಹುಡುಗಿಯ ಕಡೆ ನೋಡಿದಳು.

“ರಾಣೆಬೆನ್ನೂರಿಗೆ ಬೇ ಆಯಿ, ಮನಸಿನ ಡಾಕ್ಟ್ರ ಕಡೆ” ಅಂದಳು ಅಂಜಲಿ, ಕಟ್ಟೆಯ ತುದಿಯವರಿಗೂ ಕೇಳುವ ಹಾಗೆ. “ತೋರಿಸೂದು ನನಗ. ಟೀಚರ್ ಜತಿಗೆ ಬರಾಕತ್ತಾರ.”

ಎಂದು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ಮೃಣಾಲಿನಿ ಅವಳ ಪಕ್ಕಕ್ಕೆ ಹೋಗಲಿಲ್ಲ, ಒಂದು ಹೆಜ್ಜೆ ಹಿಂದೆ ನಡೆದಳು.